ಬರೆದಿಟ್ಟ ವ್ಯವಸ್ಥೆ: ಕ್ಲೌಡ್ ನಿರ್ವಹಣೆಯ ಪರಿಚಯ

ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಇಲ್ಲಿ ನೇಕಾರರ ಸಹಕಾರ ಸಂಘವನ್ನು ಸ್ಥಾಪಿಸಿದರು. ಮಗ್ಗದ ಸದ್ದು ಕೇಳಿ ಬೆಳೆದ ಮಕ್ಕಳಿಗೆ ಈ ಘಟಕದ ವಿಷಯವನ್ನು ಮಗ್ಗದಿಂದಲೇ ಆರಂಭಿಸಿ ತಿಳಿಸಬಹುದು.

ಜಕಾರ್ಡ್ ಮಗ್ಗದಲ್ಲಿ ಚಿತ್ತಾರವು ನೇಕಾರನ ನೆನಪಿನಲ್ಲಷ್ಟೇ ಇರುವುದಿಲ್ಲ. ರಂಧ್ರ ಕೊರೆದ ರಟ್ಟಿನ ಪಟ್ಟಿಗಳಲ್ಲಿ ದಾಖಲಾಗಿರುತ್ತದೆ. ಹಾಸಿನ ಯಾವ ಎಳೆ ಮೇಲೇಳಬೇಕೆಂಬುದನ್ನು ಆ ರಂಧ್ರಗಳೇ ನಿರ್ಧರಿಸುತ್ತವೆ. ನೇಕಾರ ಬದಲಾದರೂ ಚಿತ್ತಾರ ಬದಲಾಗದು.

ದೂರದ ದತ್ತಾಂಶ ಕೇಂದ್ರಗಳ ಗಣಕಗಳನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಪಡೆದು ಬಳಸುವ ವ್ಯವಸ್ಥೆಯೇ ಕ್ಲೌಡ್. ಅಲ್ಲಿ ಒಂದು ಆ್ಯಪ್ ನಡೆಯಬೇಕಾದರೆ ಎಷ್ಟು ಸರ್ವರ್‌ಗಳು ಬೇಕು, ಎಷ್ಟು ಸಂಗ್ರಹಸ್ಥಳ ಬೇಕು, ಯಾರಿಗೆ ಪ್ರವೇಶವಿರಬೇಕು ಎಂಬುದೆಲ್ಲ ನಿಶ್ಚಯವಾಗಬೇಕು. ತಂತ್ರಜ್ಞರೊಬ್ಬರು ಪರದೆಯ ಮೇಲೆ ಗುಂಡಿಯೊತ್ತಿ ಇವನ್ನು ಹೊಂದಿಸಿದರೆ, ಅವರು ವರ್ಗವಾದ ದಿನ ಆ ತಿಳಿವಳಿಕೆಯೂ ಅವರೊಡನೆ ಹೋಗುತ್ತದೆ. ಆದಕಾರಣ ಇಡೀ ವ್ಯವಸ್ಥೆಯನ್ನು ಕಡತದಲ್ಲಿ ಬರೆದಿಡುವ ಪದ್ಧತಿ ರೂಢಿಗೆ ಬಂದಿದೆ. 2014ರಲ್ಲಿ ಬಂದ ಟೆರಾಫಾರ್ಮ್ ಇದರ ಪ್ರಸಿದ್ಧ ಸಾಧನ. ಅದು ಕಡತವನ್ನು ಓದಿ, ಈಗಿನ ಸ್ಥಿತಿಯೊಡನೆ ಹೋಲಿಸಿ, ಏನು ಸೇರುತ್ತದೆ, ಏನು ಬದಲಾಗುತ್ತದೆ, ಏನು ಅಳಿಯುತ್ತದೆ ಎಂಬುದನ್ನು ಮೊದಲು ತೋರಿಸುತ್ತದೆ. ನಾವು ಒಪ್ಪಿಗೆಯಿತ್ತ ಮೇಲೆ ಅದನ್ನು ಜಾರಿಗೊಳಿಸುತ್ತದೆ.

ನಾವು ಬಲ್ಲ ದೀಕ್ಷಾ ವೇದಿಕೆ 2017ರಲ್ಲಿ ಆರಂಭವಾಯಿತು. ಅದರ ತಳಹದಿಯಾದ ಸನ್‌ಬರ್ಡ್ ಮುಕ್ತ ತಂತ್ರಾಂಶ. ಅದನ್ನು ಸ್ಥಾಪಿಸಲು ಆನ್ಸಿಬಲ್ ಎಂಬ ಸಾಧನಕ್ಕಾಗಿ ಬರೆದ ಕಡತಗಳೂ ಬಹಿರಂಗವಾಗಿವೆ. ಬಲ್ಲವರು ಅವನ್ನು ಓದಿ, ಅಂಥದೇ ವೇದಿಕೆಯನ್ನು ತಮ್ಮ ಭಾಷೆಯ ಮಕ್ಕಳಿಗಾಗಿ ಕಟ್ಟಿಕೊಳ್ಳಲು ಸಾಧ್ಯ. ಅಲ್ಪಸಂಖ್ಯಾತ ಭಾಷೆಯ ಶಾಲೆಗಳಿಗೆ ಇದು ಮುಖ್ಯ ಪಾಠ. ನಮ್ಮಲ್ಲಿ ಕೆಲಸ ಬಲ್ಲವರು ಕೆಲವರೇ. ಅವರ ನೆನಪನ್ನೇ ನಂಬಿದ ಕಾರ್ಯ ಅವರ ನಿವೃತ್ತಿಯೊಡನೆ ನಿಲ್ಲುತ್ತದೆ.

ಎಚ್ಚರವೂ ಅಗತ್ಯ. ರಟ್ಟಿನಲ್ಲಿ ಒಂದು ರಂಧ್ರ ತಪ್ಪಿದರೆ ದೋಷವು ಬಟ್ಟೆಯುದ್ದಕ್ಕೂ ಮರುಕಳಿಸುವಂತೆ, ಕಡತದ ಒಂದು ತಪ್ಪು ಸಾಲು ಅನೇಕ ಸರ್ವರ್‌ಗಳನ್ನು ಕೆಡಿಸಬಲ್ಲದು. ಆದ್ದರಿಂದ ಜಾರಿಗೆ ಮುನ್ನ ಇನ್ನೊಬ್ಬರು ಅದನ್ನು ಓದಬೇಕು. ಗುಪ್ತಪದಗಳನ್ನು ಕಡತದಲ್ಲಿ ಬರೆಯಬಾರದು. ತುರ್ತಿನಲ್ಲಿ ಕೈಯಿಂದ ಮಾಡಿದ ಬದಲಾವಣೆಯನ್ನು ಕಡತದಲ್ಲಿಯೂ ಸೇರಿಸಬೇಕು. ಇಲ್ಲವಾದರೆ ಸಾಧನವು ಮುಂದಿನ ಸಲ ಅದನ್ನು ಅಳಿಸಿಹಾಕಬಹುದು.

ತರಗತಿ ಚಟುವಟಿಕೆ: ಮಕ್ಕಳನ್ನು ಎರಡು ಗುಂಪು ಮಾಡಿರಿ. ಪ್ರತಿ ಗುಂಪೂ ಹತ್ತು ವಸ್ತುಗಳನ್ನು ಮೇಜಿನ ಮೇಲೆ ತನಗೆ ಬೇಕಾದಂತೆ ಜೋಡಿಸಲಿ. ಒಂದು ಗುಂಪು ಜೋಡಣೆಯನ್ನು ಬರೆದಿಡಲಿ, ಇನ್ನೊಂದು ನೆನಪಿಡಲಿ. ಮರುದಿನ ಎರಡನ್ನೂ ಕೆದರಿ, ಹೊಸ ಮಕ್ಕಳಿಂದ ಮತ್ತೆ ಜೋಡಿಸಿರಿ: ಒಂದು ಕಡೆ ಬರಹವನ್ನು ಓದಿ, ಇನ್ನೊಂದು ಕಡೆ ಬಾಯಿಮಾತನ್ನು ಕೇಳಿ. ವ್ಯತ್ಯಾಸವನ್ನು ಮಕ್ಕಳೇ ಹೇಳಲಿ.