ಗೋಮಾಳವೋ, ಕೊಟ್ಟಿಗೆಯೋ? ಇಲ್ಲಿದೆ ಮೇವಿನ ಲೆಕ್ಕ

ದೊಡ್ಡಬಳ್ಳಾಪುರ: ಘಾಟಿ ಸುಬ್ರಹ್ಮಣ್ಯ ದನಗಳ ಜಾತ್ರೆಗೆ ಬರುವ ಹಳ್ಳಿಕಾರ್ ರಾಸುಗಳು ಬಯಲಲ್ಲಿ ಮೇಯ್ದು ಬದುಕಬಲ್ಲವು. ಗೋಮಾಳ ಇದ್ದರೆ ಮೇವಿನ ಖರ್ಚು ಕಡಿಮೆ. ಆದರೆ ಕಾಯಲು ಇಡೀ ದಿನ ಒಬ್ಬರು ಬೇಕು. ಡೇರಿಗೆ ಹಾಲು ಹಾಕುವ ಸೀಮೆಹಸುವಿಗೆ ಬಯಲು ಮೇವು ಸಾಲದು. ಕೊಟ್ಟಿಗೆಯಲ್ಲೇ ದಿನಕ್ಕೆ ಸುಮಾರು 25 ಕೆ.ಜಿ. ಹಸಿಮೇವು, ಜೊತೆಗೆ ರಾಗಿಹುಲ್ಲು, ಹಿಂಡಿ ಬೇಕು. ಬೇಲಿ ಹಾಕಿ ಮೇಯಿಸೋಣ ಅಂದರೆ ಜಮೀನೇ ದುಬಾರಿ.

ಕರ್ನಾಟಕ ಭೂಕಂದಾಯ ನಿಯಮಗಳು–1966ರ 97ನೇ ನಿಯಮದಂತೆ ಊರಿನ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಮೀಸಲಿಡಬೇಕು. ದನಗಳ ಸಂಖ್ಯೆ ಇಳಿದರೆ ಉಳಿದ ಜಾಗ ‘ಹೆಚ್ಚುವರಿ’ ಎಂದು ಬೇರೆಯವರ ಪಾಲಾಗಬಹುದು. ಹಾಗಾಗಿ ಜಾನುವಾರು ಗಣತಿಯವರು ಬಂದಾಗ ಒಂದು ಕರುವನ್ನೂ ಬಿಡದೆ ಬರೆಸಿ. ಗೋಮಾಳದ ಪಹಣಿ ತೆಗೆಸಿ ನೋಡಿ. ಒತ್ತುವರಿ ಆಗಿದ್ದರೆ ತಹಶೀಲ್ದಾರ್‌ಗೆ ಅರ್ಜಿ ಕೊಡಿ.