ಹಚ್ಚದ ದೀಪ



ನವೆಂಬರ್ 2ರಂದು ನಾವು ಮೃತರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಮೇಲುಕೋಟೆಯ ಹಲವು ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ನರಕ ಚತುರ್ದಶಿಯಂದು ಹಬ್ಬದ ದೀಪ ಹಚ್ಚುವುದಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಆ ದಿನ ತಮ್ಮ ಹಿರಿಯರು ಹತರಾದರೆಂಬುದು ಅವರ ನೆನಪು. ಅದೇ ಆಳ್ವಿಕೆಯಲ್ಲಿ, 1784ರಲ್ಲಿ, ಕರಾವಳಿಯ ಕಥೋಲಿಕರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಆದ್ದರಿಂದ ಈ ನೋವು ನಮಗೆ ಪರಕೀಯವಲ್ಲ.

ಆದರೆ ಆಫ್ರಿಕಾದ ರುವಾಂಡಾದಲ್ಲಿ ನ್ಯಾಮಾಟ, ನ್ತರಾಮಾ ಊರುಗಳ ಕಥೋಲಿಕ ಚರ್ಚುಗಳೇ ಸ್ಮಾರಕಗಳಾಗಿವೆ. 1994ರಲ್ಲಿ ಆಸರೆ ಬೇಡಿ ಬಂದ ಸಾವಿರಾರು ಟುಟ್ಸಿಗಳನ್ನು ಅಲ್ಲೇ ಕೊಂದರು. ಕೊಂದವರಲ್ಲೂ ದೀಕ್ಷಾಸ್ನಾನ ಪಡೆದವರಿದ್ದರು. 2017ರಲ್ಲಿ ಜಗದ್ಗುರು ಫ್ರಾನ್ಸಿಸರು ಇದಕ್ಕಾಗಿ ದೇವರ ಕ್ಷಮೆ ಬೇಡಿದರು.

ಇಂಥ ಸ್ಥಳಗಳಿಗೆ ಬೆರಳು ತೋರಿಸಲು ಹೋಗದಿರೋಣ. ಇಂದಿನ ನೆರೆಯವನು ಅಂದಿನ ಕೊಲೆಗಾರನಲ್ಲ. ನಮ್ಮೊಳಗಿನ ದ್ವೇಷವನ್ನು ಮೊದಲು ಒಪ್ಪಿಕೊಂಡು, ಈ ಬಾರಿ ಒಂದು ಬತ್ತಿಯನ್ನು ಆ ಎಲ್ಲ ಮೃತರಿಗಾಗಿ ಹಚ್ಚೋಣ.