ಬೇರಿನ ಕಾವಲು ಎಲೆಗೂ, ಹೊಟ್ಟೆಯ ಕಾವಲು ಶ್ವಾಸಕೋಶಕ್ಕೂ

ಮಳೆಗಾಲ ಬಂತು ಅಂದ್ರೆ ನೆಗಡಿ, ಕೆಮ್ಮು, ಜ್ವರ. ಹೋದ ವರ್ಷ ಟೊಮೆಟೊ ಕೊಯ್ಲಿನ ಹೊತ್ತಿಗೇ ನಾನೂ ಮಲಗಿದೆ. ಬೇಗ ಏಳಬೇಕು ಅಂತ ಮನೇಲಿ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆ ನುಂಗಿದೆ. ಜ್ವರ ತನ್ನ ಪಾಡಿಗೆ ಇಳಿಯಿತು, ಹೊಟ್ಟೆ ಮಾತ್ರ ಹದಿನೈದು ದಿನ ಕೆಟ್ಟಿತ್ತು. ಪಪ್ಪಾಯಿಗೆ ಉಂಗುರ ಚುಕ್ಕೆ ವೈರಸ್ ಬಂದಾಗ ಬ್ಯಾಕ್ಟೀರಿಯಾ ಔಷಧಿ ಹೊಡೀಬೇಡಿ ಅಂತ ಹೇಳೋ ನಾನೇ ಈ ತಪ್ಪು ಮಾಡಿದ್ದೆ!

ಹೊಟ್ಟೆಗೂ ಶ್ವಾಸಕೋಶಕ್ಕೂ ಏನು ಸಂಬಂಧ?

ಸ್ಯುಡೋಮೊನಾಸ್ ಬೇರಿನ ಸುತ್ತ ಇರುತ್ತೆ. ಆದರೆ ಅದು ಇಡೀ ಗಿಡವನ್ನು ಎಚ್ಚರಿಸುವುದರಿಂದ ಎಲೆಗೂ ರೋಗ ತಡೆಯುವ ಶಕ್ತಿ ಬರುತ್ತೆ. ನಮ್ಮ ದೇಹದಲ್ಲೂ ಹೀಗೇ. ಕರುಳಿನ ಬ್ಯಾಕ್ಟೀರಿಯಾಗಳು ನಾರಿನಂಶವನ್ನು ಹುಳಿಸಿ ಬ್ಯುಟಿರೇಟ್‌ನಂಥ ಆಮ್ಲ ತಯಾರಿಸ್ತವೆ. ಇಂಥ ಪದಾರ್ಥಗಳು ರೋಗನಿರೋಧಕ ಕಣಗಳ ಕೆಲಸವನ್ನು ಹದದಲ್ಲಿಡುತ್ತವೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಮೊದಲು ಆಂಟಿಬಯಾಟಿಕ್ ಕುಡಿಸಿ, ಆಮೇಲೆ ಫ್ಲೂ ವೈರಸ್ ಸೋಂಕಿಸಿದರು. ವೈರಸ್ ವಿರುದ್ಧ ಅವುಗಳ ಹೋರಾಟವೇ ಕುಗ್ಗಿತು. 2017ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇನ್ನೊಂದು ಕೊಂಡಿ ಕಂಡರು. ಈರುಳ್ಳಿ, ಚಹಾ, ಹಣ್ಣುಗಳಲ್ಲಿರುವ ಫ್ಲೇವನಾಯ್ಡ್‌ಗಳನ್ನು ಕರುಳಿನ ಒಂದು ಬ್ಯಾಕ್ಟೀರಿಯಾ ಒಡೆದಾಗ ಡಿಎಟಿ ಎಂಬ ಪದಾರ್ಥ ಬರುತ್ತೆ. ಅದನ್ನು ಸೋಂಕಿಗೆ ಮೊದಲೇ ಪಡೆದ ಇಲಿಗಳ ಶ್ವಾಸಕೋಶಕ್ಕೆ ಹಾನಿ ಕಡಿಮೆಯಾಯಿತು.

'ಮೊದಲೇ' ಅನ್ನೋದನ್ನ ಗಮನಿಸಿ. ರೋಗ ಬಂದ ಮೇಲೆ ಕೊಟ್ಟಿಗೆ ಗೊಬ್ಬರ ಸುರಿದರೆ ಬೆಳೆ ಉಳಿಯಲ್ಲ, ಅಲ್ವಾ? ಹಾಗೇ ಜ್ವರ ಬಂದ ದಿನ ಮಜ್ಜಿಗೆ ಕುಡಿದರೆ ಫ್ಲೂ ವಾಸಿಯಾಗಲ್ಲ. ಇವು ಇಲಿಗಳ ಮೇಲಿನ ಪ್ರಯೋಗ ಅನ್ನೋದೂ ನೆನಪಿರಲಿ.

ಹಾಗಾದ್ರೆ ನಾವೇನು ಮಾಡೋಣ?

- ರಾಗಿ, ಹುರುಳಿ, ಅವರೆ, ಸೊಪ್ಪು, ಈರುಳ್ಳಿ ದಿನದ ಊಟದಲ್ಲಿರಲಿ. ಬೆಳೆಯೋರು ನಾವೇ, ಎಲ್ಲಾ ಮಾರಿ ಬಿಸ್ಕತ್ತು ತಿನ್ನೋದು ಬೇಡ.
- ನೆಗಡಿ, ಫ್ಲೂಗೆ ನೀವೇ ಆಂಟಿಬಯಾಟಿಕ್ ತಗೋಬೇಡಿ. ಅದು ವೈರಸ್ ಕೊಲ್ಲಲ್ಲ, ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತೆ.
- ಬ್ಯಾಕ್ಟೀರಿಯಾ ಸೋಂಕಿಗೆ ಅಂತ ಡಾಕ್ಟರ್ ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತಪ್ಪದೆ ತಗೊಳ್ಳಿ.
- ಉಸಿರಾಡೋಕೆ ಕಷ್ಟವಾದರೆ, ಎದೆ ನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಮಣ್ಣಿನ ಜೀವಾಣು ಉಳಿಸೋಕೆ ಇಷ್ಟೊಂದು ಕಷ್ಟಪಡ್ತೀವಿ. ನಮ್ಮ ಹೊಟ್ಟೆಯೊಳಗಿನವನ್ನೂ ಹಾಗೇ ಸಾಕೋಣ.